ಈ ಬೀದಿಯವರ ಗಮನಕ್ಕೆ

ನಮ್ಮಕ್ಕ ಮನೆಯಲ್ಲಿ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸುವುದಿಲ್ಲ. “ಏನಂದೆ?” ಎಂದು ಕೇಳಿ ಕೇಳಿ ಸಾಕಾಗಿ ನಮ್ಮಪ್ಪ ಕೊನೆಕೊನೆಗೆ ಅವಳು ಏನು ಹೇಳಿದರೂ “ಆಗಲಿ” ಎಂದುಬಿಡುತ್ತಿದ್ದರು. ಹಾಗೆ ಆಗಲಿ ಅನ್ನಿಸಿಕೊಂಡೇ ಅವಳು ಬೆಕ್ಕು ಸಾಕಿದಳು, ಹೊಲಿಗೆ ಕಲಿತಳು, ಕೊನೆಗೆ ತನಗೆ ಒಪ್ಪಿದವನನ್ನೇ ಮದುವೆಯೂ ಆದಳು. ಇಂಥ ಅಕ್ಕನಿಗೆ ಊರಿನ ಜನ ‘ಮೈಕಮ್ಮ’ ಎಂದು ಹೆಸರಿಟ್ಟಿದ್ದಾರೆಂದರೆ ಅಪ್ಪ ಬದುಕಿದ್ದಿದ್ದರೆ ನಂಬುತ್ತಿರಲಿಲ್ಲ.

ಮೈಕು ಅವಳ ಕೈಗೆ ಬಂದದ್ದು ನನ್ನಿಂದ. ನನ್ನದು ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಜೊತೆಗೆ ಒಂದು ಮೂರು ಚಕ್ರದ ಗಾಡಿ ಇದೆ. ಅದರ ನೆತ್ತಿಯ ಮೇಲೆ ಧ್ವನಿವರ್ಧಕದ ಎರಡು ಹಾರ್ನು, ಹಿಂದೆ ಮುಚ್ಚಿದ ಭಾಗದಲ್ಲಿ ಆಂಪ್ಲಿಫೈಯರು, ಬ್ಯಾಟರಿ, ಕೂಗುವವರಿಗೆ ಒಂದು ಸ್ಟೂಲು. ಹೊಸ ಅಂಗಡಿ ತೆರೆಯುವವರು, ಬಟ್ಟೆ ಅಗ್ಗಕ್ಕೆ ಮಾರುವವರು, ಕಾಣೆಯಾದ ನಾಯಿಯನ್ನು ಹುಡುಕುವವರು, ಎಲ್ಲರೂ ಬೀದಿ ಬೀದಿಯಲ್ಲಿ ಕೂಗಿಸಲು ನಮ್ಮ ಹತ್ತಿರವೇ ಬರುತ್ತಿದ್ದರು. ಕೂಗುವುದಕ್ಕೆ ಒಬ್ಬನನ್ನು ಇಟ್ಟುಕೊಂಡಿದ್ದೆ. ನಾಟಕದವನಂಥ ಗಂಟಲು, ಆದರೆ ಹೇಳಿದ ಹೊತ್ತಿಗೆ ಬರುವ ಜಾಯಮಾನದವನಲ್ಲ. ಒಂದು ದಿನ ಆಸಾಮಿ ಪತ್ತೆಯೇ ಇಲ್ಲ. ಭಾವ ತೀರಿಕೊಂಡು ಅಕ್ಕ ಪುಟ್ಟ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದು ಸೇರಿದ್ದ ಹೊಸತು. ನನ್ನ ಊಟದ ಡಬ್ಬಿ ತಂದವಳು ನನ್ನ ಪರದಾಟ ನೋಡಿ ಏನೋ ಅಂದಳು. “ಏನಂದೆ?” ಎಂದು ರೇಗಿದೆ. “ಆ ಮೈಕು ಕೊಡು ಅಂದೆ,” ಎಂದಳು.

ಕೊಟ್ಟೆ, ತಮಾಷೆ ನೋಡೋಣವೆಂದೇ ಕೊಟ್ಟೆ. ಗಾಡಿ ಮೊದಲ ತಿರುವು ದಾಟುವ ಹೊತ್ತಿಗೆ ನನ್ನ ನಗು ನಿಂತಿತ್ತು. ಅದು ಕೂಗಾಟವಲ್ಲ. ಪಕ್ಕದ ಮನೆಯಾಕೆ ಕರೆದು ಹತ್ತಿರ ಕೂರಿಸಿಕೊಂಡು ಹೇಳಿದ ಹಾಗಿತ್ತು, ಆದರೆ ಬೀದಿಯ ಎರಡು ತುದಿಗೂ ಕೇಳುತ್ತಿತ್ತು. ಜನ ಕಿಟಕಿ ತೆರೆದು ನೋಡಿದರು. ಅಂದಿನಿಂದ ಆ ನಾಟಕದ ಗಂಟಲಿನವನನ್ನು ನಾನು ಹುಡುಕಲು ಹೋಗಲಿಲ್ಲ.

ಈ ಕೆಲಸಕ್ಕೂ ಅದರದೇ ಪಾಠಗಳಿವೆ. ಅಕ್ಕನಿಗೆ ಅವನ್ನು ಬೀದಿಯೇ ಕಲಿಸಿತು. ಗಾಡಿ ನಡೆದು ಹೋಗುವವರಿಗಿಂತ ಜೋರಾಗಿ ಓಡಬಾರದು. ಮೊದಲ ವಾಕ್ಯದಲ್ಲಿ ಹುರುಳಿರಬಾರದು, ಏಕೆಂದರೆ ಜನ ಆಗಿನ್ನೂ ಮಿಕ್ಸಿ ನಿಲ್ಲಿಸುತ್ತಿರುತ್ತಾರೆ. ಅದಕ್ಕೇ ಅವಳು ಯಾವಾಗಲೂ “ಈ ಬೀದಿಯವರ ಗಮನಕ್ಕೆ” ಎಂದು ಶುರು ಮಾಡುತ್ತಿದ್ದಳು. ಬೀದಿಯ ಹೆಸರು ಹೇಳುತ್ತಿರಲಿಲ್ಲ. ಗಾಡಿಯೇ ಆ ಬೀದಿಯಲ್ಲಿರುವಾಗ ಹೆಸರು ಯಾಕೆ? ತಾರೀಖಂತೂ ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಈಗ, ಇವತ್ತು, ಸಂಜೆ, ನಾಳೆ, ಅಷ್ಟೇ. ಶುರುವಿನಲ್ಲಿ ನಾನು ಇದಕ್ಕೆ ತಕರಾರು ತೆಗೆದಿದ್ದೆ.

“ತಾರೀಖು ಹೇಳಿದ್ರೆ ಜನ ಕ್ಯಾಲೆಂಡರ್ ನೋಡೋಕೆ ಒಳಗೆ ಹೋಗ್ತಾರೆ ಕಣೋ,” ಎಂದಳು. “ಅವರು ವಾಪಸ್ ಬರೋ ಹೊತ್ತಿಗೆ ನಾವು ಮುಂದಿನ ಬೀದೀಲಿ ಇರ್ತೀವಿ.”

ಮಾತು ನಿಜ. ನಮ್ಮ ಮಾತಿನ ಆಯುಸ್ಸು ಗಾಡಿ ತಿರುವು ದಾಟುವವರೆಗೆ. ಕೇಳಿದವರು ಕೇಳಿದರು, ಕೇಳದವರು ಪಕ್ಕದ ಮನೆಯವರನ್ನು ವಿಚಾರಿಸಿದರು. ಮಾರನೆಯ ದಿನಕ್ಕೆ ಅದರ ಚೂರೂ ಉಳಿಯುತ್ತಿರಲಿಲ್ಲ, ಉಳಿಯಬೇಕಾಗಿಯೂ ಇರಲಿಲ್ಲ.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಮೊದಲು ಬಟ್ಟೆ ಅಂಗಡಿಯವರು ನಮ್ಮನ್ನು ಬಿಟ್ಟರು, ಆಮೇಲೆ ಕಾಣೆಯಾದ ನಾಯಿಗಳು ಬಿಟ್ಟವು. ಊರಿನ ಸಂಜೆ ಪತ್ರಿಕೆಯ ಸಂಪಾದಕರೊಬ್ಬರಿದ್ದರು. ನಮ್ಮ ಹಾರ್ನಿನ ಸದ್ದಿಗೆ ಊರಿನ ಕಿವಿ ಹಾಳಾಗುತ್ತಿದೆ ಎಂದು ವರ್ಷಕ್ಕೊಮ್ಮೆಯಾದರೂ ಬರೆಯುತ್ತಿದ್ದರು. ಪತ್ರಿಕೆ ಮುಚ್ಚಿತು. ಈಗ ಅವರು ತಮ್ಮ ಅಡುಗೆಮನೆಯಲ್ಲೇ ಫೋನು ನಿಲ್ಲಿಸಿಕೊಂಡು, ನಮ್ಮ ಎರಡೂ ಹಾರ್ನು ಸೇರಿದರೂ ಹೊರಡದಷ್ಟು ಜೋರಾಗಿ ಸುದ್ದಿ ಅರಚುತ್ತಾರೆ. ನೋಡುವವರೂ ಇದ್ದಾರಂತೆ. ತಳ್ಳುಗಾಡಿಯಲ್ಲಿ ತರಕಾರಿ ಮಾರುವವನು ಕೂಡ ತನ್ನ ಕೂಗನ್ನು ಒಂದೇ ಸಲ ಮುದ್ರಿಸಿಕೊಂಡು, ಅದನ್ನೇ ಹಚ್ಚಿಟ್ಟು, ತಾನು ಬಾಯಿ ಮುಚ್ಚಿಕೊಂಡು ಓಡಾಡುತ್ತಾನೆ. ಕೂಗಿಸಲು ನಮಗೆ ಉಳಿದದ್ದು ನೀರಿನ ಕಚೇರಿ ಮಾತ್ರ. ನೀರು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಜನ ಇನ್ನೂ ಅಕ್ಕನ ಬಾಯಲ್ಲೇ ಕೇಳಬೇಕೆನ್ನುತ್ತಿದ್ದರು. ಮೈಕಮ್ಮ ಹೇಳಿದರೆ ಬಿಂದಿಗೆ ತುಂಬಿಸಿಡಬೇಕು, ಅಷ್ಟು ನಂಬಿಕೆ.

ಎರಡು ಬೇಸಿಗೆಗಳ ಹಿಂದೆ ಕೆಳಗಿನ ಬೀದಿಗಳಲ್ಲಿ ಕುಡಿಯುವ ನೀರಿಗೆ ಚರಂಡಿ ಸೇರಿಕೊಂಡಿತು. ನಾವು ಬೆಳಗಿನಿಂದ ಸುತ್ತಿದೆವು. “ಈ ಬೀದಿಯವರ ಗಮನಕ್ಕೆ. ನಲ್ಲಿ ನೀರನ್ನು ಯಾರೂ ಕುಡಿಯಬೇಡಿ. ಅಡುಗೆಗೂ ಬಳಸಬೇಡಿ. ಈಗಾಗಲೇ ಹಿಡಿದಿಟ್ಟಿದ್ದರೆ ಚೆಲ್ಲಿಬಿಡಿ. ಮಕ್ಕಳನ್ನು ಜೋಪಾನ ಮಾಡಿ. ನಾಳೆ ಟ್ಯಾಂಕರಿನಲ್ಲಿ ಬೇರೆ ನೀರು ಬರುತ್ತದೆ.” ಜನ ಕೇಳಿದರು, ಚೆಲ್ಲಿದರು, ಯಾರಿಗೂ ಏನೂ ಆಗಲಿಲ್ಲ. ನೀರಿನ ಕಚೇರಿಯವರು ಅಕ್ಕನನ್ನು ಕರೆದು ಚಹಾ ಕೊಟ್ಟು ಹೊಗಳಿದರು. ಅವತ್ತು ಯಾರೋ ಮಹಡಿಯ ಮೇಲೆ ನಿಂತು ಆ ಮಾತನ್ನು ಫೋನಿನಲ್ಲಿ ಹಿಡಿದುಕೊಂಡಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಿಡಿದಿರಬೇಕು. ನೆಂಟರಿಗೆ, ಗೆಳೆಯರಿಗೆ ಕಳಿಸಿದರು.

ಒಂದು ತಿಂಗಳು ಕಳೆದ ಮೇಲೆ ಅದು ತಿರುಗಿ ಬಂತು. ಎಲ್ಲಿ ಹೋಗಿತ್ತೋ, ಯಾರ ಯಾರ ಫೋನಿನಲ್ಲಿ ಮಲಗಿ ಎದ್ದಿತ್ತೋ, ಒಂದು ಬೆಳಗ್ಗೆ ಊರಿನ ಗ್ರೂಪುಗಳಲ್ಲೆಲ್ಲ ಅಕ್ಕನ ಧ್ವನಿ. ನಲ್ಲಿ ನೀರನ್ನು ಯಾರೂ ಕುಡಿಯಬೇಡಿ. ಜನ ಒಳ್ಳೆಯ ನೀರನ್ನು ಬೀದಿಗೆ ಸುರಿದರು. ಹೋಟೆಲಿನವನು ಒಲೆ ಆರಿಸಿದ. ಶಾಲೆಯಲ್ಲಿ ಮಕ್ಕಳನ್ನು ಮನೆಗೆ ಕಳಿಸಿದರು. ಅದನ್ನು ತಡೆಯುವಂಥದ್ದು ಆ ಮಾತಿನಲ್ಲಿ ಏನೂ ಇರಲಿಲ್ಲ. ಊರಿನ ಹೆಸರಿಲ್ಲ, ತಾರೀಖಿಲ್ಲ. ಯಾವ ಬೀದಿಯಲ್ಲಿ ಕೇಳಿದರೂ ಅದು ‘ಈ ಬೀದಿ’, ಯಾವತ್ತು ಕೇಳಿದರೂ ಅದು ‘ಈಗ’.

ಗಾಳಿಸುದ್ದಿ ಹಬ್ಬಿಸಿದಳೆಂದು ಅಕ್ಕನನ್ನು ಠಾಣೆಗೆ ಕರೆಸಿದರು. ನಾನೂ ಹೋದೆ. ಬೆಂಚಿನ ಮೇಲೆ ಕೂರಿಸಿ, ಅಧಿಕಾರಿ ಫೋನು ಹಚ್ಚಿ ಕೇಳಿಸಿದರು.

“ಈ ಧ್ವನಿ ನಿಮ್ಮದೇನಮ್ಮ?”

“ಹೌದು ಸರ್.”

“ಏನು? ಜೋರಾಗಿ ಹೇಳಿ.”

“ನಂದೇ ಸರ್.”

“ಹಾಗಾದ್ರೆ ಹೇಳಿದ್ದು ನೀವೇ.”

“ಹೇಳಿದ್ದು ನಾನೇ. ಆದ್ರೆ ಇವತ್ತಲ್ಲ.”

“ಇವತ್ತಲ್ಲ ಅಂತ ಇದ್ರಲ್ಲಿ ಎಲ್ಲಿದೆ ತೋರಿಸಿ.”

ಅಕ್ಕನಿಗೆ ತೋರಿಸಲಾಗಲಿಲ್ಲ. ನೀರಿನ ಕಚೇರಿಯ ಇಂಜಿನಿಯರ್ ಬಂದು ಸಾಕ್ಷಿ ಹೇಳಿದ ಮೇಲೆ ಬಿಟ್ಟರು. ಮನೆಗೆ ಬಂದವಳು ನೀರಿನ ಲೋಟ ಎತ್ತಿಕೊಂಡು, ಕುಡಿಯದೆ ಹಾಗೇ ಕೆಳಗಿಟ್ಟಳು. ನನಗೆ ಅವಳನ್ನು ನೋಡಿ ಹೆದರಿಕೆಯಾಯಿತು, ಏಕೆಂದರೆ ಅಕ್ಕ ಅಳುವವಳಲ್ಲ, ಸುಮ್ಮನಾಗುವವಳು.

ಅವಳ ಮಗಳು ಪುಟ್ಟಿ ಹಾಗಲ್ಲ, ಪಟಾಕಿ. ಪುಟ್ಟಿ ಎನ್ನುವುದು ಕರೆಯುವ ಹೆಸರು. ಅವಳಿಗೂ ಈಗ ಮೂರು ವರ್ಷದ ಒಬ್ಬಳು ಮಗಳಿದ್ದಾಳೆ, ಗುಬ್ಬಿ ಎಂದು ಕರೆಯುತ್ತೇವೆ. ಪುಟ್ಟಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಕೂಗಿ ಒಳಗೆ ಕಳಿಸುವ ಕೆಲಸದಲ್ಲಿದ್ದಾಳೆ. ಗಂಟಲು ತಾಯಿಯದು, ಬಾಯಿ ಮಾತ್ರ ನನ್ನದು ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಠಾಣೆಯ ವಿಷಯ ತಿಳಿದು ಅವಳು ಕ್ಲಿನಿಕ್ಕಿನ ನೀಲಿ ಕೋಟಿನಲ್ಲೇ ಓಡಿ ಬಂದಳು.

“ನಮ್ಮಮ್ಮನ್ನ ಬೆಂಚಲ್ಲಿ ಕೂರಿಸ್ತಾರಾ? ನೋಡ್ತಿರಿ ಮಾವ, ಇನ್ಮೇಲೆ ಆ ಆಡಿಯೋ ಎಲ್ಲಿ ಬಂದ್ರೂ ನಾನು ಬಿಡಲ್ಲ.”

ಬಿಡಲಿಲ್ಲ. ಸಿಕ್ಕ ಸಿಕ್ಕ ಗ್ರೂಪಿಗೆಲ್ಲ ಸೇರಿಕೊಂಡಳು. ನಮ್ಮ ಬೀದಿಯದು, ಆಚೆ ಬೀದಿಯದು, ಗುಬ್ಬಿಯ ಶಿಶುವಿಹಾರದ್ದು, ಕ್ಲಿನಿಕ್ಕಿನದು, ಯಾರದೋ ಹಳೆಯ ಸಹಪಾಠಿಗಳದ್ದು. ಉತ್ತರವನ್ನು ಒಮ್ಮೆ ಬರೆದು ಫೋನಿನಲ್ಲಿ ಸಿದ್ಧವಾಗಿ ಇಟ್ಟುಕೊಂಡಳು: “ಇದು ಹಳೆಯ ಆಡಿಯೋ. ದಯವಿಟ್ಟು ನಂಬಬೇಡಿ, ಯಾರಿಗೂ ಕಳಿಸಬೇಡಿ. ಹೇಳುತ್ತಿರುವವಳು ಮೈಕಮ್ಮನ ಸ್ವಂತ ಮಗಳು.” ಸ್ವಂತ ಮಗಳು ಎಂಬ ಮಾತಿಗೆ ಜನ ತಣ್ಣಗಾಗುತ್ತಿದ್ದರು. ಆ ಆಡಿಯೋ ಬಿಸಿಲು ಕಾಲಕ್ಕೊಮ್ಮೆ, ಮಳೆ ಬಂದಾಗೊಮ್ಮೆ, ಯಾವ ಕಾರಣವೂ ಇಲ್ಲದೆ ಒಮ್ಮೊಮ್ಮೆ ಎದ್ದು ಬರುತ್ತಿತ್ತು. ಪುಟ್ಟಿ ಸೊಳ್ಳೆ ಹೊಡೆದ ಹಾಗೆ ಹೊಡೆಯುತ್ತಿದ್ದಳು. ಊಟದ ಮಧ್ಯೆ ಹೊಡೆಯುತ್ತಿದ್ದಳು, ಮಗುವಿಗೆ ಜಡೆ ಹಾಕುತ್ತ ಹೊಡೆಯುತ್ತಿದ್ದಳು. ಅದರಲ್ಲಿ ಅವಳಿಗೆ ಹೆಮ್ಮೆಯೂ ಇತ್ತು. ಇರಬೇಕಾದದ್ದೇ.

ಅಕ್ಕನಿಗೆ ಮಾತ್ರ ಒಳಗೊಳಗೇ ಕಳವಳ. ಒಂದು ದಿನ ನನ್ನ ಹತ್ತಿರ ಹೇಳಿದಳು, ನಾನು ಎರಡು ಸಲ ಕೇಳಿದ ಮೇಲೆ ಗೊತ್ತಾಯಿತು.

“ನನ್ನ ಮಾತು ನಂಬಬೇಡಿ ಅಂತ ನನ್ನ ಮಗಳೇ ಊರಿಗೆಲ್ಲ ಹೇಳ್ತಿದಾಳಲ್ಲೋ.”

“ಹಳೇ ಮಾತು ನಂಬಬೇಡಿ ಅಂತಿದಾಳೆ ಅಕ್ಕ. ನಿನ್ನ ಮಾನ ಉಳಿಸ್ತಿದಾಳೆ.”

“ಹೌದಪ್ಪ,” ಎಂದಳು. ಅವಳ ಮುಖ ಮಾತ್ರ ಒಪ್ಪಲಿಲ್ಲ. ಇನ್ನು ಮೇಲಾದರೂ ತಾರೀಖು ಸೇರಿಸಿ ಹೇಳು ಎಂದು ನಾನು ಸಲಹೆ ಕೊಟ್ಟೆ. ಒಂದೆರಡು ಸಲ ಹೇಳಿಯೂ ನೋಡಿದಳು. ನಾಲಿಗೆ ತಡವರಿಸಿತು, ಬೀದಿ ಮುಗಿದರೂ ಮಾತು ಮುಗಿಯಲಿಲ್ಲ, ಬಿಟ್ಟುಬಿಟ್ಟಳು.

ಈ ವರ್ಷ ಆ ದಿನ ಬಂತು. ಇಂಟರ್ನೆಟ್ ಕೇಬಲ್ ಹಾಕುವವರು ರಸ್ತೆ ಅಗೆಯುತ್ತ ಅಗೆಯುತ್ತ ನೀರಿನ ಕೊಳವೆಗೂ ಚರಂಡಿಗೂ ಒಟ್ಟಿಗೆ ಗುದ್ದಲಿ ಹಾಕಿದ್ದರು. ಜಾಗ ಹುಡುಕಿ ಹುಡುಕಿ ಅಗೆದಿದ್ದರೂ ಇಷ್ಟು ಸರಿಯಾಗಿ ಅಗೆಯಲಾಗುತ್ತಿರಲಿಲ್ಲ. ಇಂಜಿನಿಯರ್ ಫೋನು ಮಾಡಿದರು.

“ಕೆಳಗಿನ ಬೀದೀಲಿ ಆಗ್ಲೇ ಮಕ್ಕಳು ವಾಂತಿ ಮಾಡ್ತಿದಾವೆ. ವಾಲ್ವ್ ಮುಚ್ತಿದೀವಿ, ಆದ್ರೆ ಮನೆ ಟ್ಯಾಂಕೆಲ್ಲ ತುಂಬಿಬಿಟ್ಟಿದೆ. ಗ್ರೂಪಿಗೆ ಹಾಕೋಕೆ ಮೇಲಿನವರ ಒಪ್ಪಿಗೆ ಬೇಕು, ಬಂದ ಕೂಡಲೇ ಹಾಕ್ತೀವಿ. ಅಲ್ಲೀವರೆಗೆ ನೀವು ಕೂಗ್ತಾ ಇರಿ, ದಮ್ಮಯ್ಯ.”

ಅಕ್ಕ ತಲೆಯನ್ನೂ ಬಾಚಿಕೊಳ್ಳದೆ ಗಾಡಿ ಹತ್ತಿದಳು. ಗಾಡಿ ಹೊರಡಿಸುತ್ತ ನಾನು “ತಾರೀಖು ಹೇಳು ಅಕ್ಕ” ಎಂದೆ.

“ಬೆಂಕಿ ಬಿದ್ದಾಗ ಯಾರಾದ್ರೂ ತಾರೀಖು ಹೇಳ್ತಾರೇನೋ?” ಎಂದಳು. ಆ ಹೊತ್ತಿಗೆ ನನಗೂ ಅದೇ ಸರಿ ಅನ್ನಿಸಿತು.

ಮೊದಲ ಬೀದಿಯಲ್ಲಿ ಅವಳ ಧ್ವನಿ ಎಂದಿನಂತೆ ಹೊರಟಿತು. ಈ ಬೀದಿಯವರ ಗಮನಕ್ಕೆ. ನಲ್ಲಿ ನೀರನ್ನು ಯಾರೂ ಕುಡಿಯಬೇಡಿ. ಆದರೆ ಕಿಟಕಿಗಳು ತೆರೆಯಲಿಲ್ಲ. ಮನೆಯ ಮುಂದೆ ಬಟ್ಟೆ ಒಣಗಲು ಹಾಕುತ್ತಿದ್ದ ಒಬ್ಬಾಕೆ ತಿರುಗಿ ನೋಡಿ, ಮತ್ತೆ ಬಟ್ಟೆ ಕೊಡವಿದಳು. ಕ್ಷೌರದ ಅಂಗಡಿಯವನು ಬಾಗಿಲಿಗೆ ಬಂದು ನಕ್ಕ.

“ಏನ್ರೀ, ಹಳೇ ರೆಕಾರ್ಡು ಹಚ್ಕೊಂಡು ಬಂದಿದೀರಿ?”

“ರೆಕಾರ್ಡಲ್ಲ ಮಾರಾಯ, ಅಕ್ಕ ಒಳಗೇ ಕೂತಿದಾಳೆ!”

“ಅಯ್ಯೋ ಬಿಡಿ, ಗೊತ್ತು ನಮಗೆ,” ಎಂದು ಅವನು ಒಳಗೆ ಹೋಗಿ ನಲ್ಲಿ ತಿರುಗಿಸಿ ಗಿರಾಕಿಯ ಮುಖಕ್ಕೆ ನೀರು ಚಿಮುಕಿಸಿದ.

ಎರಡನೆಯ ಬೀದಿಯಲ್ಲಿ ಮಹಡಿಯ ಮೇಲಿನವನೊಬ್ಬ ಫೋನನ್ನು ನಮ್ಮ ಕಡೆ ಚಾಚಿ ತೋರಿಸಿದ. “ನಿಮ್ಮ ಮಗಳೇ ಸುಳ್ಳು ಅಂತ ಹಾಕಿದಾಳೆ ನೋಡಿ ಮೈಕಮ್ಮ, ಈಗ ತಾನೇ!”

ಗಾಡಿ ನಿಲ್ಲಿಸಿ ನನ್ನ ಫೋನು ತೆಗೆದೆ. ಆಗಿದ್ದೇನೆಂದರೆ, ಮೊದಲ ಬೀದಿಯಲ್ಲಿ ನಾವು ಕೂಗಿದ್ದನ್ನು ಯಾರೋ ಹಿಡಿದು ಗ್ರೂಪಿಗೆ ಹಾಕಿದ್ದರು. ಅದರ ಕೆಳಗೆ, ಹಾಕಿದ ಮರುಗಳಿಗೆಗೇ, ಪುಟ್ಟಿಯ ಉತ್ತರ. ಇದು ಹಳೆಯ ಆಡಿಯೋ. ದಯವಿಟ್ಟು ನಂಬಬೇಡಿ. ಅದರ ಕೆಳಗೆ ಸಾಲುಸಾಲಾಗಿ ಕೈ ಮುಗಿದ ಚಿತ್ರಗಳು. ಥ್ಯಾಂಕ್ಸ್ ಮೇಡಂ. ಸದ್ಯ ಬದುಕಿದೆವು ಮೇಡಂ. ಬೇರೆ ಗ್ರೂಪು ತೆರೆದೆ, ಅಲ್ಲೂ ಅದೇ. ನಮ್ಮ ಗಾಡಿ ನಡೆಯುವವರ ವೇಗದಲ್ಲಿ ಎರಡು ಬೀದಿ ಮುಗಿಸುವಷ್ಟರಲ್ಲಿ ಪುಟ್ಟಿ ಊರನ್ನೆಲ್ಲ ಸಮಾಧಾನ ಮಾಡಿ ಮುಗಿಸಿದ್ದಳು.

ಅವಳಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಡಾಕ್ಟರು ಒಳಗೆ ಕರೆದರೆ ಅವಳು ಫೋನನ್ನು ಡ್ರಾಯರಿಗೆ ಹಾಕಿ ಹೋಗಬೇಕು, ಅದು ಅಲ್ಲಿನ ನಿಯಮ. ಕ್ಲಿನಿಕ್ಕಿನ ಫೋನಿಗೆ ಮಾಡಿದರೆ ಅದನ್ನು ಎತ್ತಬೇಕಾದವಳೂ ಅವಳೇ. ಮತ್ತೆ ಮತ್ತೆ ಮಾಡಿದೆ.

“ನನ್ನ ಧ್ವನಿನ ನಿನ್ನ ಫೋನಲ್ಲಿ ಹಿಡಿ,” ಎಂದಳು ಅಕ್ಕ. “ತಾರೀಖು ಹೇಳ್ತೀನಿ. ಹೊತ್ತೂ ಹೇಳ್ತೀನಿ.”

ಹಿಡಿದೆ. ಹತ್ತಿರದಿಂದ ಹಿಡಿದರೆ ಹಾರ್ನಿನ ಸದ್ದು ಒಡೆಯುತ್ತದೆಂದು ಮೈಕು ಆರಿಸಿದ್ದೆ. ಫೋನಿನ ಮುಂದೆ ಅವಳು ತಾರೀಖು ಹೇಳಿದಳು, ಬೀದಿಗಳ ಹೆಸರು ಹೇಳಿದಳು, ಇದು ಹೊಸದು, ನಿಜ, ನನ್ನ ಮಗಳಿಗೆ ಗೊತ್ತಾಗಿಲ್ಲ ಎಂದಳು. ಆದರೆ ಬಾಯ ಮುಂದೆ ಮೈಕಿಲ್ಲದೆ ಅಕ್ಕನಿಗೆ ಮೈಕಮ್ಮನ ಧ್ವನಿ ಬರುವುದಿಲ್ಲ. ಬಂದದ್ದು ಮನೆಯ ಧ್ವನಿ, ಅದೂ ಗಾಬರಿಗೆ ಒಡೆದ ಧ್ವನಿ. ನಾನು ಅದನ್ನು ಎಲ್ಲ ಕಡೆ ಕಳಿಸಿದೆ. ಕಳಿಸಿ ಕಣ್ಣು ನೆಟ್ಟು ಕೂತೆ. ಮೊದಲ ಉತ್ತರ ಬಂತು: “ಇದು ಮೈಕಮ್ಮನ ಧ್ವನಿಯೇ ಅಲ್ಲ.” ಎರಡನೆಯದು: “ಯಾರೋ ನಕಲಿ ಮಾಡಿದ್ದಾರೆ, ಹುಷಾರು.” ಮೂರನೆಯವನು ಜಾಣ: “ನಿಜವಾದ ಮೈಕಮ್ಮ ಯಾವತ್ತೂ ತಾರೀಖು ಹೇಳಲ್ಲ.” ನಾನು ಆ ಮಹಾನುಭಾವನಿಗೆ ಬಾಯಿಗೆ ಬಂದಂತೆ ಬರೆಯತೊಡಗಿದೆ. ಅಷ್ಟರಲ್ಲಿ ಗಾಡಿಯ ಹಿಂದಿನ ಬಾಗಿಲ ಸದ್ದಾಯಿತು. ಅಕ್ಕ ಇಳಿದು ಹೋಗಿದ್ದಳು.

ಅವಳು ಮನೆ ಮನೆಯ ಬಾಗಿಲು ಬಡಿಯುತ್ತಿದ್ದಳು. ಬಾಗಿಲು ತೆರೆದವರ ಮುಂದೆ ನಿಂತು “ನನ್ನ ಮುಖ ನೋಡಿ” ಎನ್ನುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು. ಕೆದರಿದ ತಲೆ, ಬೆವರಿದ ಮುಖ ಕಂಡ ಮೇಲೆ ಯಾರೂ ಹಳೆಯದೆನ್ನಲಿಲ್ಲ. ಒಬ್ಬ ಅಜ್ಜನ ಕೈಯಿಂದ ಲೋಟವನ್ನೇ ಕಸಿದುಕೊಂಡಳು. ಒಂದು ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡೇ ನುಗ್ಗಿ ಒಲೆಯ ಮೇಲಿದ್ದ ಪಾತ್ರೆ ಎತ್ತಿ ಬಚ್ಚಲಿಗೆ ಸುರಿದಳು. ನಾನು ಎದುರು ಸಾಲಿನ ಮನೆಗಳನ್ನು ಹಿಡಿದೆ. ಕೇಳಿದವರು ಪಕ್ಕದವರಿಗೆ ಹೇಳಲು ಓಡಿದರು. ಆದರೂ ಬೀದಿಗಳು ಎಷ್ಟು, ನಾವು ಎಷ್ಟು ಜನ? ಒಂದು ಬಾಗಿಲು ತೆರೆಸುವಷ್ಟರಲ್ಲಿ ಊರಿನಲ್ಲಿ ಎಷ್ಟು ನಲ್ಲಿ ತಿರುಗುತ್ತವೋ!

ತಿರುವಿನ ಹತ್ತಿರ ಅಕ್ಕ ಥಟ್ಟನೆ ನಿಂತಳು. “ಗುಬ್ಬಿ,” ಎಂದಳು.

ನನಗೆ ಕೇಳಿಸಲಿಲ್ಲ, ಆದರೆ ತುಟಿ ಅಲ್ಲಾಡಿದ್ದು ಕಂಡು ಅರ್ಥವಾಯಿತು. ಶಿಶುವಿಹಾರದ ಟೀಚರ್ ಪುಟ್ಟಿಯ ಗ್ರೂಪಿನಲ್ಲೇ ಇದ್ದಾರೆ. ಗಾಡಿಯನ್ನು ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಓಡಿಸಿದವನಲ್ಲ. ಹಾರ್ನುಗಳು ನೆತ್ತಿಯ ಮೇಲೆ ಗಡಗಡ ಎನ್ನುತ್ತಿದ್ದವು. ಹಿಂದೆ ಅಕ್ಕ ಏನೋ ಹೇಳುತ್ತಿದ್ದಳು, ಬೇಗ ಅಂದಳೋ, ದೇವರೇ ಅಂದಳೋ.

ಶಿಶುವಿಹಾರದ ಬಾಗಿಲಲ್ಲಿ ಟೀಚರ್ ನಗುತ್ತಲೇ ಎದುರಾದರು. “ಗಾಬರಿ ಆಗ್ಬೇಡಿ ಮೈಕಮ್ಮ. ಮೊದ್ಲು ನಾನೂ ಹೆದರಿ ನೀರೆಲ್ಲ ಚೆಲ್ಲೋಕೆ ಹೊರಟಿದ್ದೆ. ಅಷ್ಟರಲ್ಲಿ ನಿಮ್ಮ ಪುಟ್ಟಿ ಮೆಸೇಜ್ ಬಂತು ನೋಡಿ, ಸದ್ಯ ಅನ್ಕೊಂಡೆ.”

ಅಕ್ಕ ಏನೋ ಕೇಳಿದಳು.

“ಏನಂದ್ರಿ?” ಎಂದರು ಟೀಚರ್.

“ಮಕ್ಕಳು ನೀರು ಕುಡಿದ್ರಾ ಅಂತ ಕೇಳ್ದೆ!”

ಮೈಕಿಲ್ಲದೆ ಅಕ್ಕ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಳಗೆ ಆಡುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದವು. ಟೀಚರರ ಮುಖದ ನಗು ಇಳಿಯಿತು. “ಆಟ ಆಡಿ ಬಂದ್ರಲ್ಲ, ಈಗ ತಾನೇ ಎಲ್ರೂ…” ಎಂದು ಮಾತು ನುಂಗಿದರು.

ಗುಬ್ಬಿ ಮಕ್ಕಳ ಮಧ್ಯದಿಂದ ಓಡಿ ಬಂದು ಅಜ್ಜಿಯ ಕಾಲು ತಬ್ಬಿಕೊಂಡಳು. ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಅಲ್ಲಿ ನೀರು ಪೂರ್ತಿ ಕುಡಿದವರನ್ನು ಜಾಣೆ ಎಂದು ಚಪ್ಪಾಳೆ ತಟ್ಟಿ ಹೊಗಳುವ ರೂಢಿ.

“ಅಜ್ಜೀ, ನಾನು ಎರಡು ಲೋಟ!” ಎಂದು ಬೆರಳು ತೋರಿಸಿದಳು.

ಸಂಜೆ ಹೊತ್ತಿಗೆ ಆಸ್ಪತ್ರೆಯ ಮಕ್ಕಳ ವಾರ್ಡು ತುಂಬಿತ್ತು. ಗುಬ್ಬಿಗೆ ವಾಂತಿ ಶುರುವಾಗಿ, ಆಮೇಲೆ ಜ್ವರ ಏರಿ, ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದ್ದರು. ಅಷ್ಟು ಪುಟ್ಟ ಕೈಗೆ ಅಷ್ಟು ಪ್ಲಾಸ್ಟರು. ಮಗು ಅಳುವುದನ್ನೂ ಬಿಟ್ಟು ಸುಮ್ಮನೆ ಮಲಗಿತ್ತು. ನಾಳೆಯವರೆಗೆ ನೋಡಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಗುಬ್ಬಿಯ ಅಪ್ಪ ಔಷಧಿ ತರಲು ಓಡಾಡುತ್ತಿದ್ದ. ನೀರಿನ ಕಚೇರಿಯವರ ಪ್ರಕಟಣೆ ಮಧ್ಯಾಹ್ನ ಗ್ರೂಪಿಗೆ ಬಂದಿತ್ತಂತೆ, ಮೊಹರು, ಸಹಿ ಎಲ್ಲ ಸಮೇತ.

ಪುಟ್ಟಿ ನೀಲಿ ಕೋಟಿನಲ್ಲೇ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ನನ್ನನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಮಗುವಿನ ಕಡೆಯೇ ನೋಡುತ್ತ ಹೇಳಿದಳು.

“ನಾನು ಅದನ್ನ ಕೇಳಲೇ ಇಲ್ಲ ಅಮ್ಮ. ‘ಈ ಬೀದಿಯವರ’ ಅಂತ ಶುರು ಆಯ್ತು. ನಿನ್ನ ಧ್ವನಿ ಅಂತ ಗೊತ್ತಾದ ಕೂಡಲೇ ಕಳಿಸ್ಬಿಟ್ಟೆ.”

ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟಳು. “ಬಿಡು ಮಗಳೇ,” ಎಂದಳು.

“ಬೇರೆ ಯಾರ ಧ್ವನಿ ಆಗಿದ್ರೂ ಪೂರ್ತಿ ಕೇಳ್ತಿದ್ದೆ.”

ಅಕ್ಕ ಮಗುವಿನ ಹೊದಿಕೆ ಸರಿಪಡಿಸಿದಳು. ನಾನು ಯಾರ ಮೇಲಾದರೂ ರೇಗಬೇಕೆಂದು ಹುಡುಕಿದೆ, ಆ ಕೋಣೆಯಲ್ಲಿ ರೇಗಬಹುದಾದವರು ಯಾರೂ ಇರಲಿಲ್ಲ.

ಆಗ ಪುಟ್ಟಿಯ ಫೋನು ಸದ್ದು ಮಾಡಿತು. ಅವಳು ಮುಟ್ಟಲಿಲ್ಲ. ಮತ್ತೆ ಮಾಡಿತು. ನಾನೇ ಎತ್ತಿ ನೋಡಿದೆ. ಗೊತ್ತಿಲ್ಲದ ನಂಬರು. ಮೊದಲು ಅಕ್ಕನ ಆಡಿಯೋ, ಅದರ ಕೆಳಗೆ ಬರಹ. ನಾನು ಓದಿ ಹೇಳಿದೆ: “ಮೇಡಂ, ನೀವು ಮೈಕಮ್ಮನವರ ಮಗಳಂತೆ. ಇದು ಈಗ ನಮ್ಮ ಗ್ರೂಪಿಗೆ ಬಂದಿದೆ. ಇದು ಹಳೆಯದೋ ನಿಜವೋ? ಮನೆಯಲ್ಲಿ ಬೇರೆ ನೀರಿಲ್ಲ. ನನ್ನ ಮಗುವಿಗೆ ಕುಡಿಸಲಾ?”

ಪುಟ್ಟಿ ಫೋನು ತೆಗೆದುಕೊಂಡು ಹಿಡಿದು ಕೂತಳು. ಆ ಸಿದ್ಧ ಉತ್ತರ ಬೆರಳ ಕೆಳಗೇ ಇತ್ತು. ಆ ಆಡಿಯೋ ಎರಡು ಬೇಸಿಗೆ ಹಿಂದಿನದೋ, ಈ ಬೆಳಗಿನದೋ? ಎರಡಕ್ಕೂ ಒಂದೇ ಶುರು, ಒಂದೇ ಮಾತು, ಒಂದೇ ಧ್ವನಿ. ಈ ಸಲ ಪೂರ್ತಿ ಕೇಳಿಸಿಕೊಂಡಳು, ಎರಡು ಸಲ ಕೇಳಿಸಿಕೊಂಡಳು. ತಾಯಿಯ ಕಿವಿಗೂ ಹಿಡಿದಳು. ಹೇಳಿದವಳಿಗೇ ಅದು ಯಾವತ್ತಿನದೆಂದು ತಿಳಿಯಲಿಲ್ಲ.

“ಯಾವ ಬೀದಿ ಅಂತ ಕೇಳು,” ಎಂದಳು ಅಕ್ಕ. ಆಗಲೇ ಎದ್ದು ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. “ಹೋಗಿ ಹೇಳಿ ಬರ್ತೀನಿ. ಆ ನೀರು ನೋಡಿದ್ರೆ ಗೊತ್ತಾಗತ್ತೆ.”

ಪುಟ್ಟಿ ಕೇಳಿದಳು. ಉತ್ತರ ಬಂತು. ಬೀದಿಯ ಹೆಸರು, ಊರಿನ ಹೆಸರು. ಆ ಊರನ್ನು ನಾವು ಮೂವರೂ ಕೇಳಿದ್ದೇ ಇಲ್ಲ. ಎಷ್ಟು ದೂರವೋ, ಯಾವ ದಿಕ್ಕೋ, ಅಲ್ಲಿನ ನೀರು ಎಂಥದ್ದೋ, ಯಾರಿಗೆ ಗೊತ್ತು? ಅಕ್ಕ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವಳು ಹಾಗೇ ನಿಂತಳು.

“ಏನಂತ ಬರೀಲಿ ಅಮ್ಮ?” ಎಂದಳು ಪುಟ್ಟಿ.

ಅಕ್ಕ ಏನೋ ಅಂದಳು. “ಏನಂದೆ?” ಎಂದು ನಾವಿಬ್ಬರೂ ಒಟ್ಟಿಗೆ ಕೇಳಿದೆವು. ಅವಳು ಮತ್ತೆ ಹೇಳಲಿಲ್ಲ. ಪುಟ್ಟಿಯ ಕೈಯಲ್ಲಿ ಫೋನು ಇನ್ನೊಮ್ಮೆ ಸದ್ದು ಮಾಡಿತು.

“ಮಗು ಬಾಯಾರಿ ಅಳ್ತಾ ಇದೆ ಮೇಡಂ. ಬೇಗ ಹೇಳಿ.”